ಕೂವೆಮರವನ್ನು ನಿಲ್ಲಿಸಿದ ಹಗ್ಗ

ಕಾಸರಗೋಡಿನ ಕಡಲ ಕರೆಯಲ್ಲಿರುವ ನಮಗೆ ಹಗ್ಗ ಹೊಸತಲ್ಲ. ತೆಂಗಿನ ನಾರಿನ ಹುರಿಯನ್ನು ಮುಟ್ಟದ ಮಕ್ಕಳು ನಮ್ಮ ಶಾಲೆಗಳಲ್ಲಿ ಇರಲಾರರು. ಆದರೆ ಹಾಯಿದೋಣಿಯ ಕೂವೆಮರ ಗಾಳಿಗೆ ಬೀಳದಂತೆ ತಡೆಯುವುದು ಯಾವುದು? ಬನ್ನಿ, ಅದರ ಚರಿತ್ರೆ ನೋಡೋಣ.

ಹಾಯಿಯನ್ನು ಏರಿಸಿ ಇಳಿಸುವ ಹಗ್ಗಗಳು ಬೇರೆ. ಕೂವೆಮರದ ಮೇಲಿನಿಂದ ದೋಣಿಯ ಮುಂದಕ್ಕೂ ಹಿಂದಕ್ಕೂ ಎರಡು ಬದಿಗಳಿಗೂ ಬಿಗಿದ ಹಗ್ಗಗಳು ಬೇರೆ. ಎರಡನೆಯದನ್ನು ‘ಆಧಾರ ಹಗ್ಗ’ ಎನ್ನೋಣ. ಅದು ಗಟ್ಟಿಯಾಗಿದ್ದರೆ ಸಾಲದು, ಹಿಗ್ಗಲೂ ಬಾರದು.

1805ರ ಟ್ರಫಾಲ್ಗರ್ ಯುದ್ಧದಲ್ಲಿದ್ದ ‘ವಿಕ್ಟರಿ’ ಹಡಗಿಗೆ ಒಟ್ಟು ಸುಮಾರು 42 ಕಿ.ಮೀ. ಹಗ್ಗ ಬೇಕಿತ್ತು! ಆಗಿನ ಆಧಾರ ಹಗ್ಗಗಳು ಟಾರು ಬಳಿದ ಹೆಂಪ್ ನಾರಿನವು. ಅವು ಸಡಿಲವಾದಾಗ ತೂತುಗಳಿದ್ದ ಮರದ ಬಿಲ್ಲೆಗಳ ನಡುವೆ ಸಣ್ಣ ಹುರಿ ಪೋಣಿಸಿ ನಾವಿಕರು ಮತ್ತೆ ಬಿಗಿಯುತ್ತಿದ್ದರು.

1834ರಲ್ಲಿ ಜರ್ಮನಿಯ ಹಾರ್ಟ್ಸ್ ಬೆಟ್ಟದ ಗಣಿಗಳಿಗಾಗಿ ವಿಲ್ಹೆಲ್ಮ್ ಆಲ್ಬರ್ಟ್ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದರು. ಗಣಿಯ ಈ ಹಗ್ಗ ಕ್ರಮೇಣ ಹಡಗನ್ನೂ ಏರಿತು. ನಾರಿನ ಕಾಲ ಮುಗಿಯಿತು ಎಂದೇ ಎಲ್ಲರೂ ತಿಳಿದರು.

1935ರಲ್ಲಿ ಅಮೆರಿಕದಲ್ಲಿ ನೈಲಾನ್ ಹುಟ್ಟಿತು. ಗಟ್ಟಿಯೇನೋ ಹೌದು, ಆದರೆ ಎಳೆದರೆ ಬಹಳ ಹಿಗ್ಗುತ್ತದೆ. ಲಂಗರಿಗೆ ಒಳ್ಳೆಯದು, ಕೂವೆಮರಕ್ಕೆ ಆಗದು. ನಂತರ ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ ಹೊಸ ನೂಲಿನ ದಾರಿ ಕಂಡರು. 1979ರಲ್ಲಿ ಅದಕ್ಕೆ ಪೇಟೆಂಟ್ ಕೋರಲಾಯಿತು. 1990ರಲ್ಲಿ ಅದು ‘ಡೈನೀಮಾ’ ಎಂಬ ಹೆಸರಿನಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಯಿತು. ಆಶ್ಚರ್ಯವೆಂದರೆ, ಇದು ಪ್ಲಾಸ್ಟಿಕ್ ಚೀಲದ ಪಾಲಿಥೀನೇ! ಅಣುಸರಪಳಿಗಳು ಮಾತ್ರ ಬಹಳ ಉದ್ದ, ಎಲ್ಲವೂ ಒಂದೇ ದಿಕ್ಕಿಗೆ ನೆಟ್ಟಗೆ ಎಳೆದವು. ಇದು ನೀರಿನಲ್ಲಿ ತೇಲುತ್ತದೆ. ಅದೇ ಗಾತ್ರದ ಉಕ್ಕು ಇದರ ಎಂಟು ಪಟ್ಟು ತೂಗುತ್ತದೆ.

ಇದಕ್ಕೂ ದೋಷವಿದೆ. ಸದಾ ಭಾರ ಹೊತ್ತರೆ ಮೆಲ್ಲಮೆಲ್ಲನೆ ಉದ್ದವಾಗುತ್ತದೆ. ಆದ್ದರಿಂದ ಬಲಕ್ಕೆ ಬೇಕಾದದ್ದಕ್ಕಿಂತ ದಪ್ಪದ ಹಗ್ಗವನ್ನೇ ಆರಿಸುತ್ತಾರೆ. ಹರಿತವಾದ ಅಂಚಿಗೆ ಉಜ್ಜದಂತೆಯೂ ನೋಡಿಕೊಳ್ಳಬೇಕು. ಆದರೆ ಉಕ್ಕಿನ ತಂತಿ ಜೋಡಣೆಯ ಒಳಗೇ ತುಕ್ಕು ಹಿಡಿದು ಹೇಳದೆ ಕೇಳದೆ ಮುರಿಯಬಹುದು. ಹಗ್ಗ ಸವೆದರೆ ಹೆಚ್ಚಾಗಿ ಕಣ್ಣಿಗೇ ಕಾಣುತ್ತದೆ. ಈಗ ಅನೇಕ ಸಣ್ಣ ಹಾಯಿದೋಣಿಗಳು ತಂತಿ ಬಿಟ್ಟು ಹಗ್ಗಕ್ಕೆ ಮರಳಿವೆ. ಜೊತೆಗೆ ಹುರಿ ಪೋಣಿಸಿ ಬಿಗಿಯುವ ಆ ಹಳೆಯ ಕೈಕೆಲಸವೂ ಮರಳಿದೆ!

ಹಳತೆಂದು ಬಿಟ್ಟ ವಿದ್ಯೆಯನ್ನು ಯಾರೋ ಮರೆಯದೆ ಉಳಿಸಿಕೊಂಡಿದ್ದರಿಂದಲೇ ಇದು ಸಾಧ್ಯವಾಯಿತು. ಮನೆಯಲ್ಲಿ ಹುರಿ ಹೊಸೆಯಬಲ್ಲ ಅಜ್ಜಿಯಿದ್ದರೆ ಈ ರಜೆಯಲ್ಲೇ ಕಲಿತುಕೊಳ್ಳಿ, ಮಕ್ಕಳೇ. ನಾರಿನ ಹುರಿ, ನೈಲಾನ್ ದಾರ, ತಂತಿ ಮೂರಕ್ಕೂ ಒಂದೇ ತೂಕದ ಕಲ್ಲು ಕಟ್ಟಿ ತೂಗುಹಾಕಿ, ಅಳೆದು ನೋಡಿ. ಯಾವುದು ಎಷ್ಟು ಹಿಗ್ಗಿತೆಂದು ತರಗತಿಯಲ್ಲಿ ಮಾತಾಡೋಣ.