ಬಾವಿ ಎಂಜಿನ್ನಿನಿಂದ ಮನೆಯ ಕಾರಿಗೆ: ನಡಿಗಡ್ಡೆಯಲ್ಲಿ ಡೀಸೆಲ್ ಲೆಕ್ಕ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳು ಕೂಡುವ ಮುನ್ನ ಅವುಗಳ ನಡುವೆ ಉಳಿಯುವ ನೆಲವನ್ನು ಸ್ಥಳೀಯರು ನಡಿಗಡ್ಡೆ ಎನ್ನುತ್ತಾರೆ. ಇತಿಹಾಸಕಾರರ ಪಾಲಿಗೆ ಅದು ರಾಯಚೂರು ದೋಆಬಿನ, ಅಂದರೆ ಎರಡು ಹೊಳೆಗಳ ನಡುವಣ ಸೀಮೆಯ, ಮೂಡಣ ತುದಿ. ಗದ್ವಾಲ ಮತ್ತು ಅಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದು, ಆ ಬಳಿಕ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಕರ್ನೂಲಿನ ಕಡೆಗೆ ಸಾಗುವ 44ನೇ ರಾಷ್ಟ್ರೀಯ ಹೆದ್ದಾರಿಯ ಆಸುಪಾಸಿನ ಉಂಡವಳ್ಳಿಯು 2016ರಲ್ಲಿ ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯ ಮಂಡಲ ಕೇಂದ್ರವಾಯಿತು. ಕೃಷ್ಣೆಯ ಉತ್ತರ ದಂಡೆಯ ಮಕ್ತಲ್ ಮತ್ತು ನಾರಾಯಣಪೇಟೆಗಳ ಕಡೆ ಇಂದಿಗೂ ಕನ್ನಡ ಮನೆಮಾತಾಗಿರುವ ಹಳ್ಳಿಗಳಿದ್ದು, ಕರ್ನಾಟಕ ಗಡಿಯ ಕೃಷ್ಣಾ ಮಂಡಲದಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ನಡೆಯುತ್ತವೆ. ಇಂಥ ಸೀಮೆಯಲ್ಲಿ ಕಾರು ಕೊಳ್ಳುವವರ ಮೊದಲ ಪ್ರಶ್ನೆ ಎಂಜಿನ್ನಿನ ಬಲದ್ದಲ್ಲ, ‘ಎವರೇಜ್ ಎಷ್ಟು ಕೊಡ್ತದ’ ಎಂಬುದು. ಒಂದು ಲೀಟರಿಗೆ ಓಡುವ ಕಿಲೋಮೀಟರಿಗೆ ಇಲ್ಲಿನ ಕನ್ನಡದಲ್ಲಿ ಇರುವ ಹೆಸರೇ ಎವರೇಜ್.

ರೈತಾಪಿ ಮನೆಗಳಿಗೆ ಡೀಸೆಲ್ ಪರಿಚಯವಾದದ್ದು ಕಾರಿನಿಂದಲ್ಲ, ಬಾವಿಯ ದಂಡೆಯ ನೀರೆತ್ತುವ ಎಂಜಿನ್, ಟ್ರ್ಯಾಕ್ಟರು ಮತ್ತು ಲಾರಿಗಳಿಂದ. 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಾಗಿ ಹುಟ್ಟಿದ ಕಿರ್ಲೋಸ್ಕರ್ ಉದ್ಯಮದಿಂದ 1946ರಲ್ಲಿ ಪುಣೆಯಲ್ಲಿ ಇಂಥ ಎಂಜಿನ್ ತಯಾರಿಸುವ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಂಪನಿ ಟಿಸಿಲೊಡೆಯಿತು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯಲ್ಲಿ ಓಡಿಸಿ ತೋರಿಸಿದ ಯಂತ್ರದ ತತ್ತ್ವ ಸರಳವಾದುದು: ಸಿಲಿಂಡರಿನೊಳಗಿನ ಗಾಳಿಯನ್ನು ಬಹಳ ಬಿಗಿಯಾಗಿ ಒತ್ತಿದಾಗ ಅದು ಕಾದು, ಸಿಂಪಡಿಸಿದ ಎಣ್ಣೆ ಕಿಡಿಯ ಹಂಗಿಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಒತ್ತಡದಿಂದಾಗಿಯೇ ಅದು ಕಡಿಮೆ ಎಣ್ಣೆಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ, ಇದೇ ಒತ್ತಡವನ್ನು ತಾಳಿಕೊಳ್ಳಲು ಅದರ ಮೈ ದಪ್ಪವಾಗಿ, ತೂಕ ಮತ್ತು ಬೆಲೆ ಎರಡೂ ಏರುತ್ತವೆ. ಟ್ರ್ಯಾಕ್ಟರಿನ ಎಣ್ಣೆ ಸಿಂಪಡಿಸುವ ನಾಜಲ್ ಬಿಚ್ಚಿ ತೊಳೆದು ಜೋಡಿಸಬಲ್ಲ ಮೆಕ್ಯಾನಿಕ್ ಊರಲ್ಲೇ ಸಿಗುತ್ತಿದ್ದಾಗ, ಮನೆಯ ಕಾರೂ ಡೀಸೆಲ್ಲಿನದೇ ಆಗಲಿ ಎನ್ನಿಸಿದ್ದರಲ್ಲಿ ಅಚ್ಚರಿಯಿಲ್ಲ.

ಮನೆಯ ಕಾರಿಗೆ ಡೀಸೆಲ್ ಬಂದದ್ದು ತಡವಾಗಿ. 1980ರ ಸುಮಾರಿಗೆ ಅಂಬಾಸಿಡರ್ ಕಾರಿಗೆ ಡೀಸೆಲ್ ಎಂಜಿನ್ ಕೂಡಿತಾದರೂ, ಅದರ ಸದ್ದು ಮತ್ತು ನಿಧಾನವನ್ನು ಸಹಿಸಿಕೊಂಡವರು ಹೆಚ್ಚಾಗಿ ಬಾಡಿಗೆ ಕಾರಿನವರು. 1998ರ ಕೊನೆಯಲ್ಲಿ ಟಾಟಾ ಇಂಡಿಕಾ, 2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂದ ಮೇಲೆ ಮಧ್ಯಮ ವರ್ಗದ ಅಂಗಳಕ್ಕೂ ಅದು ಕಾಲಿಟ್ಟಿತು. ರೈತರಿಗೂ ಬಸ್ಸು, ಲಾರಿಗಳಿಗೂ ಹೊರೆಯಾಗಬಾರದೆಂದು ಸರ್ಕಾರ ಡೀಸೆಲ್ ದರವನ್ನು ತಗ್ಗಿಸಿ ಇಟ್ಟಿತ್ತು. ಆ ರಿಯಾಯಿತಿಯಲ್ಲಿ ಕಾರಿನ ಮಾಲೀಕರೂ ಸದ್ದಿಲ್ಲದೆ ಪಾಲು ಪಡೆದರು ಎನ್ನದೆ ವಿಧಿಯಿಲ್ಲ. 2010ರಲ್ಲಿ ಕಿರೀಟ್ ಪಾರಿಖ್ ಸಮಿತಿಯು ಡೀಸೆಲ್ ಕಾರಿನ ಮೇಲೆ 80,000 ರೂಪಾಯಿಯ ಹೆಚ್ಚುವರಿ ಅಬಕಾರಿ ಸುಂಕ ವಿಧಿಸಬೇಕೆಂದು ಹೇಳಿದ್ದು ಈ ಕಾರಣಕ್ಕೇ. ಅದೇ ವರ್ಷದ ಜೂನ್‌ನಲ್ಲಿ ಪೆಟ್ರೋಲ್ ದರ ಮಾತ್ರ ನಿಯಂತ್ರಣದಿಂದ ಬಿಡುಗಡೆಯಾಗಿ, ಎರಡರ ನಡುವಣ ಅಂತರ ಬೆಳೆಯುತ್ತ ಹೋಯಿತು.

2012ರ ಮೇ ಕೊನೆಯಲ್ಲಿ ದೆಹಲಿಯ ಪೆಟ್ರೋಲ್ ಲೀಟರಿಗೆ ಸುಮಾರು 73 ರೂಪಾಯಿ, ಡೀಸೆಲ್ ಸುಮಾರು 41 ರೂಪಾಯಿ ಇತ್ತು. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಓಡುತ್ತದೆಂದೂ, ಕೊಳ್ಳುವಾಗ ಎರಡನೆಯದಕ್ಕೆ 1 ಲಕ್ಷ ಹೆಚ್ಚು ತೆರಬೇಕೆಂದೂ ಹಿಡಿದರೆ, ಕಿಲೋಮೀಟರಿಗೆ ಉಳಿಯುತ್ತಿದ್ದುದು 2 ರೂಪಾಯಿ 80 ಪೈಸೆಯಷ್ಟು. ಹೆಚ್ಚಿಗೆ ಕೊಟ್ಟ ಲಕ್ಷ ತೀರಲು ಸುಮಾರು 35,000 ಕಿ.ಮೀ. ಓಡಿಸಬೇಕಿತ್ತು. ರಾಯಚೂರು, ಕರ್ನೂಲು, ಹೈದರಾಬಾದ್ ಎಂದು ವರ್ಷಕ್ಕೆ 20,000 ಕಿ.ಮೀ. ತಿರುಗುವ ವ್ಯಾಪಾರಿಗೆ ಅದು ಎರಡು ವರ್ಷದೊಳಗಿನ ಮಾತು. ಆದರೆ ವಾರದ ಸಂತೆ, ಅಲಂಪುರದ ಜೋಗುಳಾಂಬೆಯ ದರ್ಶನ, ಒಂದೆರಡು ಮದುವೆ, ಆಸ್ಪತ್ರೆ ಎಂದು ವರ್ಷಕ್ಕೆ 5,000 ಕಿ.ಮೀ. ದಾಟದ ಮನೆಗೆ ಏಳು ವರ್ಷ ಹಿಡಿಯುತ್ತಿತ್ತು. ಆ ಮನೆಗಳೂ ಡೀಸೆಲ್ಲನ್ನೇ ಆರಿಸಿದ್ದರೆ ಅದಕ್ಕೆ ಕಾರಣ ಲೆಕ್ಕವಲ್ಲ, ಬಂಕಿನ ಫಲಕದಲ್ಲಿ ಕಣ್ಣಿಗೆ ರಾಚುತ್ತಿದ್ದ 32 ರೂಪಾಯಿಯ ಅಂತರ.

2013ರ ಜನವರಿಯಿಂದ ಡೀಸೆಲ್ ದರವನ್ನು ತಿಂಗಳಿಗೆ 50 ಪೈಸೆಯಷ್ಟು ಏರಿಸುತ್ತ ಬಂದು, 2014ರ ಅಕ್ಟೋಬರ್‌ನಲ್ಲಿ ಅದನ್ನೂ ನಿಯಂತ್ರಣದಿಂದ ಕೈಬಿಡಲಾಯಿತು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ಕೆಲಕಾಲ ಪೆಟ್ರೋಲನ್ನೇ ಮೀರಿಸಿತು. ಅದೇ ವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಹೊಗೆ ನಿಯಮ ಕಡಿಮೆ ಓಡುವ ಕಾರಿಗೆ ಇನ್ನೊಂದು ತೊಡಕು ತಂದಿತು. ಈ ನಿಯಮದ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕವಿದ್ದು, ಅಲ್ಲಿ ಕೂಡಿಬಿದ್ದ ಮಸಿ ಸುಟ್ಟುಹೋಗಲು 600 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕಾಗುತ್ತದೆ. ದಿನಕ್ಕೆ ಮೂರು ನಾಲ್ಕು ಕಿಲೋಮೀಟರು ಓಡಿ ನಿಲ್ಲುವ ಕಾರಿನಲ್ಲಿ ಎಂಜಿನ್ ಸರಿಯಾಗಿ ಕಾಯುವ ಮೊದಲೇ ಮನೆ ಬಂದಿರುತ್ತದೆ. ಮಸಿ ಕಟ್ಟಿಕೊಂಡು, ಸ್ಪೀಡೋಮೀಟರಿನ ಪಕ್ಕದಲ್ಲಿ ಎಚ್ಚರಿಕೆಯ ದೀಪ ಹತ್ತಿಕೊಳ್ಳುತ್ತದೆ. ಹೆದ್ದಾರಿಗೆ ಹೋಗಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಆರುತ್ತದೆ. ಉಂಡವಳ್ಳಿಯವರಿಗೆ ಆ ಹೆದ್ದಾರಿ ಹತ್ತಿರವೇ ಇದೆ ನಿಜ, ಆದರೆ ಮಸಿ ಸುಡುವುದಕ್ಕೆಂದೇ ಎಣ್ಣೆ ಸುಡುವ ಈ ಓಡಾಟ ಎವರೇಜ್ ಕೇಳಿ ಕಾರು ಕೊಂಡವರಿಗೆ ಒಗ್ಗುವಂಥದ್ದಲ್ಲ.

ಗಡಿಯ ಜನರಿಗೆ ಯಾವ ಎಣ್ಣೆ ಎಂಬುದರ ಜೊತೆಗೆ ಯಾವ ರಾಜ್ಯದ ಎಣ್ಣೆ ಎಂಬ ಪ್ರಶ್ನೆಯೂ ಉಂಟು. ತೆಲಂಗಾಣವು ಪೆಟ್ರೋಲಿಗೆ ಶೇ. 35.2, ಡೀಸೆಲಿಗೆ ಶೇ. 27 ವ್ಯಾಟ್ ಹಾಕಿದರೆ, ಕರ್ನಾಟಕದ ಮಾರಾಟ ತೆರಿಗೆ 2025ರ ಏಪ್ರಿಲ್ ಏರಿಕೆಯ ನಂತರವೂ ಡೀಸೆಲಿಗೆ ಶೇ. 21.17ರಷ್ಟಿತ್ತು. ಆ ವರ್ಷದ ನಡುವಿನಲ್ಲಿ ಹೈದರಾಬಾದಿನ ಡೀಸೆಲ್ ಸುಮಾರು 95 ರೂಪಾಯಿ 70 ಪೈಸೆ, ಬೆಂಗಳೂರಿನದು 91 ರೂಪಾಯಿ. ಕೃಷ್ಣಾ ಗ್ರಾಮದವರು ನಿಜಾಮರ ಕಾಲದ ಸೇತುವೆಯ ಹಾದಿಯಲ್ಲಿ ಹೊಳೆ ದಾಟಿದರೆ ದೇವಸೂಗೂರು, ಅಂದರೆ ಕರ್ನಾಟಕ. 40 ಲೀಟರಿನ ಟ್ಯಾಂಕಿಗೆ ನೂರೈವತ್ತು ರೂಪಾಯಿಗೂ ಮಿಕ್ಕಿ ಉಳಿಯಬಹುದು. ಉಂಡವಳ್ಳಿಯಿಂದ ರಾಯಚೂರಿಗೆ ಹೋಗಿ ಬಂದರೆ ಆ ಉಳಿತಾಯವನ್ನು ದಾರಿಯೇ ನುಂಗುತ್ತದೆ.

ಈಚಿನ ಕಾರುಗಳಲ್ಲಿ ಪೆಟ್ರೋಲಿಗೆ 18, ಡೀಸೆಲಿಗೆ 22 ಕಿ.ಮೀ. ಎಂದೂ, ಬೆಲೆಯ ವ್ಯತ್ಯಾಸ 1.25 ಲಕ್ಷ ಎಂದೂ ಇಟ್ಟುಕೊಂಡು, 107 ಮತ್ತು 95.70 ರೂಪಾಯಿಯ 2025ರ ಹೈದರಾಬಾದ್ ದರಗಳಲ್ಲಿ ಹಳೆಯ ಲೆಕ್ಕವನ್ನೇ ಮತ್ತೆ ಹಾಕಿದರೆ, ಕಿಲೋಮೀಟರಿಗೆ ಉಳಿಯುವುದು 1 ರೂಪಾಯಿ 60 ಪೈಸೆ; ಹೆಚ್ಚಿಗೆ ಕೊಟ್ಟದ್ದು ವಾಪಸು ಬರಲು ಸುಮಾರು 78,000 ಕಿ.ಮೀ. ಬೇಕು. ವರ್ಷಕ್ಕೆ 5,000 ಕಿ.ಮೀ. ಓಡುವ ಕಾರು ಅಷ್ಟು ದೂರ ಮುಟ್ಟುವ ಹೊತ್ತಿಗೆ ಹದಿನೈದು ವರ್ಷ ದಾಟಿರುತ್ತದೆ, ಖಾಸಗಿ ಕಾರಿನ ಆರ್‌ಸಿ, ಅಂದರೆ ನೋಂದಣಿ ಪತ್ರ, ಮೊದಲ ಸಲ ಕೊಡುವ ಅವಧಿಯಾದರೋ ಹದಿನೈದೇ ವರ್ಷ.