ಕೈಯಿಂದ ಹಗ್ಗಕ್ಕೆ: ಮೈಸೂರು ಯೋಗಶಾಲೆಯ ಪರಂಪರೆಯಲ್ಲಿ ಅಂಗಕರ್ಷಣ

ಬಿಗಿದು ನಿಂತ ಅಂಗಗಳನ್ನು ಇನ್ನೊಬ್ಬರ ನೆರವಿನಿಂದ ನೀಳವಾಗಿ ಎಳೆದು ಸಡಿಲಗೊಳಿಸುವ ಚಿಕಿತ್ಸೆಯು ಈಚಿನ ವರ್ಷಗಳಲ್ಲಿ ನಗರವಾಸಿಗಳ ಗಮನವನ್ನು ಬಹುವಾಗಿ ಸೆಳೆದಿದೆ. ಇದನ್ನು ಹೊಸ ವಿದ್ಯೆಯೆಂದು ಬಗೆಯುವವರೂ ಉಂಟು. ಸ್ವೀಡನ್ ದೇಶದ ಪೇರ್ ಹೆನ್ರಿಕ್ ಲಿಂಗ್ ಎಂಬಾತನು 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ವ್ಯಾಯಾಮ ಸಂಸ್ಥೆಯಲ್ಲಿಯೇ ರೋಗಿಯ ಕೈಕಾಲುಗಳನ್ನು ಚಿಕಿತ್ಸಕನು ತಾನೇ ಚಲಿಸುವ ಕ್ರಮವು ರೂಢಿಗೆ ಬಂದಿತ್ತೆಂಬುದು ಬಲ್ಲವರಿಗೆ ತಿಳಿದ ಸಂಗತಿ. ಆದರೆ ಈ ವಿದ್ಯೆಯ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಒಂದು ಸ್ಥಾನವಿದೆ. ಆ ಸ್ಥಾನ ಎಂತಹುದೆಂಬುದನ್ನು ಪರಾಮರ್ಶಿಸುವುದೇ ಈ ಲೇಖನದಲ್ಲಿ ನಮ್ಮ ಉದ್ದೇಶ.

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಸೇರಿವೆ. ಆದರೆ ಅಲ್ಲಿ ಹಗ್ಗವು ಬಲಿಷ್ಠನ ಸಾಧನೆಗೆ ಒದಗಿದ ಉಪಕರಣವೇ ಹೊರತು ದುರ್ಬಲನಿಗೆ ಆಸರೆಯಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗವನ್ನು ಯೋಗಶಾಲೆಗಾಗಿ ಬಿಟ್ಟುಕೊಟ್ಟರು. ಮರುವರ್ಷವೇ ಆಚಾರ್ಯರ ‘ಯೋಗಮಕರಂದ’ವು ಕನ್ನಡದಲ್ಲಿ ಪ್ರಕಟವಾಯಿತು, 1941ರಲ್ಲಿ ‘ಯೋಗಾಸನಗಳು’ ಹೊರಬಂದಿತು. ಇಂತಹ ಗ್ರಂಥಗಳಿಂದ ಆಸನದ ಸ್ವರೂಪವು ತಿಳಿಯುತ್ತದೆಯೇ ಹೊರತು, ಆ ಸ್ವರೂಪಕ್ಕೆ ಶಿಷ್ಯನ ಮೈಯನ್ನು ತಂದ ಗುರುವಿನ ಕೈಯ ಪೂರ್ಣ ಪರಿಚಯವಾಗದು. ಅದಕ್ಕಾಗಿ ಛಾಯಾಚಿತ್ರಗಳನ್ನೂ ಶಿಷ್ಯರ ನೆನಪುಗಳನ್ನೂ ಆಶ್ರಯಿಸಬೇಕಾಗುತ್ತದೆ. ಕಪೋತಾಸನದಲ್ಲಿ ಹಿಂದಕ್ಕೆ ಬಾಗಿದ ಶಿಷ್ಯನ ಮೈಮೇಲೆ ಆಚಾರ್ಯರು ನಿಂತಿರುವ ಛಾಯಾಚಿತ್ರವೊಂದು ಸುಪ್ರಸಿದ್ಧವಾಗಿದೆ. ಯೋಗಶಾಲೆಯ ಶಿಷ್ಯರಲ್ಲಿ ಹೆಚ್ಚಿನವರು ಎಳೆಯ ಪ್ರಾಯದ ಹುಡುಗರು. ಗಣ್ಯ ಅತಿಥಿಗಳೆದುರು ಪ್ರದರ್ಶನ ನೀಡುವುದು ಅವರ ಕರ್ತವ್ಯಗಳಲ್ಲೊಂದು. ಪ್ರದರ್ಶನಕ್ಕೆ ಬೇಕಾದುದು ಶೀಘ್ರ ಫಲ. ಒತ್ತಡದ ನೆರವಿಗೆ ಇದೂ ಒಂದು ಕಾರಣವಾಗಿರಬೇಕೆಂದು ನಮಗೆ ತೋರುತ್ತದೆ.

ಇದರ ಪರಿಣಾಮಕ್ಕೆ ಒಂದು ನಿದರ್ಶನವುಂಟು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯ, ವಿಷಮಶೀತಜ್ವರ, ಕ್ಷಯಗಳಿಂದ ಬಳಲಿದವರು. ಅವರ ಅಕ್ಕ ಆಚಾರ್ಯರ ಧರ್ಮಪತ್ನಿ. 1934ರಲ್ಲಿ ಮೈಸೂರಿಗೆ ಬಂದ ಈ ಕೃಶ ಬಾಲಕನಿಗೆ ಒಂದು ಪ್ರದರ್ಶನದಲ್ಲಿ ಹನುಮಾನಾಸನವನ್ನು ಮಾಡುವಂತೆ ಅಪ್ಪಣೆಯಾಯಿತು. ಅಭ್ಯಾಸವಿಲ್ಲದಿದ್ದರೂ ಗುರುವಿನ ಮಾತನ್ನು ಮೀರಲಾರದೆ ಕಾಲುಗಳನ್ನು ಚಾಚಿದುದರಿಂದ ತೊಡೆಯ ಹಿಂಭಾಗದ ಸ್ನಾಯುಗಳು ಹರಿದು, ಬಹುಕಾಲ ನಡೆಯಲು ಕಷ್ಟವಾಯಿತೆಂದು ಅಯ್ಯಂಗಾರರೇ ಮುಂದೆ ಸ್ಮರಿಸಿಕೊಂಡಿದ್ದಾರೆ. ಅಲ್ಲಿ ಕಾಲನ್ನು ಎಳೆದದ್ದು ಕೈಯಲ್ಲ, ಆಜ್ಞೆ. ಆದರೂ ಎಳೆತವು ಎಳೆತವೇ.

ಇದಕ್ಕೆ ಶರೀರಶಾಸ್ತ್ರವು ಕೊಡುವ ಕಾರಣ ಸರಳವಾದುದು. ಸ್ನಾಯುವನ್ನು ಹಠಾತ್ತನೆ ಎಳೆದರೆ ಅದು ತನ್ನಷ್ಟಕ್ಕೇ ಸೆಟೆದು ಎದುರಿಸುತ್ತದೆ. ಲಿಡೆಲ್ ಮತ್ತು ಶೆರಿಂಗ್‌ಟನ್ ಎಂಬ ವಿದ್ವಾಂಸರು 1924ರಲ್ಲಿ ಈ ಪ್ರತಿಕ್ರಿಯೆಯನ್ನು ವಿವರಿಸಿದರು. ಸ್ನಾಯುಗಳನ್ನು ಆವರಿಸಿರುವ ಸಂಯೋಜಕ ಅಂಗಾಂಶವಾದರೋ ಗಟ್ಟಿಯಾದುದು, ಕ್ಷಣಮಾತ್ರದ ಎಳೆತಕ್ಕೆ ಶಾಶ್ವತವಾಗಿ ನೀಳವಾಗುವಂತಹುದಲ್ಲ. ಕೆಲವು ವಾರಗಳ ಅಭ್ಯಾಸದಿಂದ ದೊರೆಯುವ ಸಡಿಲತೆಯಲ್ಲಿ ಬಹುಭಾಗವು, ಎಳೆತವನ್ನು ನರಮಂಡಲವು ಸಹಿಸಲು ಕಲಿಯುವುದರ ಫಲವೆಂದು ಈಚಿನ ಸಂಶೋಧಕರು ಹಲವರು ಅಭಿಪ್ರಾಯಪಡುತ್ತಾರೆ. ಎಂದಮೇಲೆ, ಭಯಪಟ್ಟ ದೇಹವನ್ನು ಬಲದಿಂದ ಸಡಿಲಗೊಳಿಸುವುದು ದುಸ್ಸಾಧ್ಯವೆಂಬುದು ಸ್ಪಷ್ಟವಾಗುತ್ತದೆ.

1937ರಲ್ಲಿ ಅಯ್ಯಂಗಾರರು ಪುಣೆಗೆ ತೆರಳಿದರು. ಅಲ್ಲಿ ಅವರ ಬಳಿಗೆ ಬಂದವರೆಲ್ಲರೂ ಅರಮನೆಯ ಹುಡುಗರಂತಿರಲಿಲ್ಲ. ವೃದ್ಧರು, ಬೆನ್ನುನೋವಿನವರು, ಕೀಲು ಬಿಗಿದವರೂ ಬಂದರು. ಇಂತಹವರಿಗಾಗಿ ಅವರು ಗೋಡೆಗೆ ಕಟ್ಟಿದ ಹಗ್ಗ, ಮರದ ದಿಮ್ಮಿ, ಪಟ್ಟಿ, ಕುರ್ಚಿ, ದಿಂಬುಗಳನ್ನು ಕ್ರಮೇಣ ಬಳಕೆಗೆ ತಂದರು. ಶ್ರೀತತ್ತ್ವನಿಧಿಯಲ್ಲಿ ಬಲಿಷ್ಠನ ಉಪಕರಣವಾಗಿದ್ದ ಹಗ್ಗವು ಇಲ್ಲಿ ರೋಗಿಯ ಆಸರೆಯಾಯಿತು. ದೇಹದ ಭಾರವನ್ನು ಹಗ್ಗವೋ ದಿಂಬೋ ಹೊತ್ತಾಗ ಅಭ್ಯಾಸಿಯು ಆಸನದಲ್ಲಿ ಬಹುಕಾಲ ನೆಲೆಸಬಲ್ಲನು. ಎಷ್ಟು ಎಳೆಯಬೇಕೆಂಬುದನ್ನು ತಾನೇ ನಿರ್ಣಯಿಸಬಲ್ಲನು. ಆದರೆ ಅಯ್ಯಂಗಾರರ ಕೈ ಮೃದುವಾಗಿತ್ತೆಂದು ನಾವು ಹೇಳಲಾರೆವು. ಬೋಧಿಸುವಾಗ ಶಿಷ್ಯರಿಗೆ ಏಟು ಕೊಡುತ್ತಿದ್ದುದಕ್ಕೂ ಅವರು ಹೆಸರಾಗಿದ್ದರು. ಇತ್ತ 1950ರಲ್ಲಿ ಯೋಗಶಾಲೆ ಮುಚ್ಚಿದ ತರುವಾಯ ಮದರಾಸಿನಲ್ಲಿ ನೆಲೆಸಿದ ಕೃಷ್ಣಮಾಚಾರ್ಯರು ಒಬ್ಬೊಬ್ಬರ ವಯಸ್ಸು, ಶಕ್ತಿ, ರೋಗಗಳಿಗೆ ತಕ್ಕಂತೆ ಆಸನವನ್ನೇ ಮಾರ್ಪಡಿಸಿ ಬೋಧಿಸಿದರೆಂಬುದನ್ನು ಮರೆಯಲಾಗದು.

ಮೈಸೂರಿನಲ್ಲಿಯೇ ಉಳಿದು 1948ರಲ್ಲಿ ತಮ್ಮ ಸಂಸ್ಥೆಯನ್ನು ತೆರೆದ ಪಟ್ಟಾಭಿ ಜೋಯಿಸರು ಕೈಯ ನೆರವನ್ನೇ ಬೋಧನೆಯ ಮುಖ್ಯಾಂಗವಾಗಿ ಮುಂದುವರಿಸಿದರು. ಇದರಿಂದ ಉಪಕಾರ ಹೊಂದಿದೆವೆನ್ನುವವರು ಅನೇಕರಿದ್ದಾರೆ. ಅವರು 2009ರಲ್ಲಿ ಕಾಲವಾದ ತರುವಾಯ, ಆ ಸ್ಪರ್ಶವು ಮರ್ಯಾದೆಯನ್ನು ಮೀರಿತ್ತೆಂದು ಹಲವು ಶಿಷ್ಯೆಯರು ಬಹಿರಂಗವಾಗಿ ಆಪಾದಿಸಿದರು. 2019ರಲ್ಲಿ ಅವರ ಮೊಮ್ಮಗ ಶರತ್ ಜೋಯಿಸರು ಆ ನೋವಿಗಾಗಿ ಕ್ಷಮೆ ಯಾಚಿಸಿದರು. ಇದನ್ನು ಬರೆಯಲು ಸಂತೋಷವಿಲ್ಲ. ಆದರೆ ಕೀರ್ತಿಯನ್ನು ಮಾತ್ರ ದಾಖಲಿಸುವುದು ಚರಿತ್ರೆಯೆನಿಸಲಾರದು.

ಮೇಲ್ಕಂಡ ಸಂಗತಿಗಳಿಂದ ನಾವು ತಲುಪುವ ನಿರ್ಣಯ ಇಷ್ಟು. ಒಂದೇ ಶಾಲೆಯಿಂದ ಹೊರಟ ಈ ಕವಲುಗಳ ನಡುವಿನ ಮುಖ್ಯ ಭೇದವು ಆಸನಗಳಲ್ಲಿಲ್ಲ. ಎಳೆತದ ಪ್ರಮಾಣವನ್ನು ನಿರ್ಣಯಿಸುವ ಅಧಿಕಾರ ಯಾರದೆಂಬುದರಲ್ಲಿದೆ. ಕೈಯೂ ಹಗ್ಗವೂ ಸಾಧನಗಳು ಮಾತ್ರ. ‘ಸಾಕು’ ಎಂಬ ಮಾತು ಎಳೆಸಿಕೊಳ್ಳುವವನ ಬಾಯಿಂದ ಬರಬಹುದಾದಲ್ಲಿ ಅದು ಚಿಕಿತ್ಸೆ. ಬರಲಾರದಲ್ಲಿ ಅದು ಕೇವಲ ಬಲಪ್ರಯೋಗ. ಹನುಮಾನಾಸನದ ದಿನ ಆ ಬಾಲಕನಿಗೆ ಹೇಳಲಾಗದೆ ಹೋದುದು ಈ ಒಂದು ಮಾತೇ.