ಬಲಮುರಿಯ ಕಟ್ಟೆ

ವಾಚಕರೇ, ಮೈಸೂರು ಮಂಡ್ಯಗಳ ಕಡೆಯವರಲ್ಲಿ ಬಲಮುರಿಯನ್ನು ಕಾಣದವರು ವಿರಳ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಕೃಷ್ಣರಾಜಸಾಗರದ ಕೆಳಗೆ ಕೆಲವೇ ಮೈಲಿಗಳ ದೂರದಲ್ಲಿ, ಕಾವೇರಿಗೆ ಅಡ್ಡಲಾಗಿ ಒಂದು ಗಿಡ್ಡ ಕಟ್ಟೆ ಉಂಟು. ನೀರು ಅದರ ನೆತ್ತಿಯ ಮೇಲೆ ಹಾಸಿ ಹರಿದು, ಬಿಳಿಯ ಸೆರಗಿನಂತೆ ಕೆಳಗಿಳಿಯುತ್ತದೆ. ಭಾನುವಾರ ಬಂದಿತೆಂದರೆ ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು, ಶಾಲೆಯ ಮಕ್ಕಳು, ಹೊಸ ಮದುಮಕ್ಕಳು ಇಲ್ಲಿ ನೆರೆಯುತ್ತಾರೆ. ಚಲನಚಿತ್ರದವರೂ ಈ ತಾಣವನ್ನು ಬಿಟ್ಟವರಲ್ಲ. ಅನೇಕರು ಇದನ್ನು ‘ಜಲಪಾತ’ವೆಂದೇ ಕರೆಯುತ್ತಾರೆ. ಆದರೆ ಇದು ಜಲಪಾತವಲ್ಲ, ಅಣೆಕಟ್ಟು. ಈ ಎರಡು ಮಾತುಗಳ ನಡುವಣ ಅಂತರವನ್ನು ತಿಳಿಯದೆ ನಾವು ತೆತ್ತಿರುವ ಬೆಲೆ ಅಲ್ಪವಲ್ಲ.

ಮೊದಲು ಹೆಸರನ್ನು ನೋಡೋಣ. ‘ಮುರಿ’ ಎಂದರೆ ತುಂಡಾಗುವುದು ಮಾತ್ರವಲ್ಲ, ತಿರುಗುವುದು, ಬಾಗುವುದು ಎಂದೂ ಅರ್ಥ. ಬಲಮುರಿ ಶಂಖ, ಬಲಮುರಿ ಗಣಪತಿ ಎಂಬ ಮಾತುಗಳಲ್ಲಿರುವುದು ಇದೇ ಅರ್ಥ. ಬಲಕ್ಕೆ ತಿರುಗಿದ್ದು ಬಲಮುರಿ. ಸಮೀಪದಲ್ಲಿಯೇ ಅದರ ಜೋಡಿಯಾಗಿ ಎಡಮುರಿಯೂ ಇದೆ. ಕೊಡಗಿನಲ್ಲಿಯೂ ಒಂದು ಬಲಮುರಿ ಉಂಟು. ಮುನಿದು ಹೊರಟ ಕಾವೇರಿಯನ್ನು ಜನರು ಅಡ್ಡಗಟ್ಟಲು ನಿಂತಾಗ, ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದುವೆಂದೂ, ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆ ಇಟ್ಟು ಉಡುವುದು ಆ ಕಾರಣದಿಂದಲೆಂದೂ ಅಲ್ಲಿನ ಐತಿಹ್ಯ. ಕಥೆ ಕಥೆಯೇ ಇರಲಿ. ನಿಂತ ಮನುಷ್ಯನನ್ನು ನೀರು ಏನು ಮಾಡಬಲ್ಲುದೆಂಬ ಅನುಭವವನ್ನು ನಮ್ಮ ಹಿರಿಯರು ಅದರಲ್ಲಿ ಕಟ್ಟಿಟ್ಟಿದ್ದಾರೆ.

ಇನ್ನು ‘ಅಣೆ’. ನದಿಗೆ ಅಡ್ಡಲಾಗಿ ಗಿಡ್ಡ ಕಟ್ಟೆ ಹಾಕಿ ನೀರನ್ನು ಕಾಲುವೆಗೆ ತಿರುಗಿಸುವ ವಿದ್ಯೆ ದಕ್ಷಿಣದೇಶದಲ್ಲಿ ಎಷ್ಟು ಹಳೆಯದೆಂದರೆ, ಆಂಗ್ಲರು ಆ ವಸ್ತುವಿನೊಡನೆ ಹೆಸರನ್ನೂ ಇಲ್ಲಿಂದಲೇ ಪಡೆದರು. ಅವರ ನಿಘಂಟಿನ ‘ಆನಿಕಟ್’ ನಮ್ಮ ಅಣೆಕಟ್ಟು, ತಮಿಳರ ಅಣೈಕ್ಕಟ್ಟುಗಳ ಕುಲದ್ದೇ. ಅಣೆ ನೀರನ್ನು ಕೂಡಿಡುವ ಕಣಜವಲ್ಲ. ನೀರಿನ ಮಟ್ಟವನ್ನು ನಾಲ್ಕಾರು ಅಡಿ ಎತ್ತರಿಸಿ, ಬೇಕಾದಷ್ಟನ್ನು ನಾಲೆಗೆ ಕೊಟ್ಟು, ಉಳಿದದ್ದನ್ನು ತನ್ನ ತಲೆಯ ಮೇಲೆಯೇ ಹರಿಯಗೊಡುವ ಹೊಸ್ತಿಲು. ಬಲಮುರಿಯ ಕಟ್ಟೆ ಈ ಜಾತಿಗೆ ಸೇರಿದ್ದು.

ಶ್ರೀರಂಗಪಟ್ಟಣದ ಸುತ್ತಿನ ಗದ್ದೆಗಳ ಚರಿತ್ರೆಯೆಂದರೆ ಇಂತಹ ಅಣೆಗಳ ಚರಿತ್ರೆ. ವಿರಿಜಾ, ಬಂಗಾರದೊಡ್ಡಿ, ಚಿಕ್ಕದೇವರಾಜಸಾಗರ ಎಂಬ ನಾಲೆಗಳ ಹೆಸರು ಇಲ್ಲಿಯ ರೈತರ ನಾಲಗೆಯ ಮೇಲೆ ಇಂದಿಗೂ ಇದೆ. ಚಿಕ್ಕದೇವರಾಜ ಒಡೆಯರು ಆಳಿದ್ದು ಕ್ರಿ.ಶ. 1673ರಿಂದ 1704ರವರೆಗೆ. ಅವರಿಗೂ ಮುಂಚೆ, 1645ರಿಂದ 1648ರ ಅವಧಿಯಲ್ಲಿ, ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಂದು ಕಟ್ಟೆಯಿಂದ ನೀರು ಹಿಂದಕ್ಕೆ ಹರಡಿ ನಡುಗಡ್ಡೆಗಳಾದುವು. ಅವೇ ರಂಗನತಿಟ್ಟು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ ಪ್ರೇರಣೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಬತ್ತಕ್ಕೆಂದು ಹಾಕಿದ ಕಲ್ಲು ಕೊಕ್ಕರೆಗಳಿಗೂ ಮೊಸಳೆಗಳಿಗೂ ಮನೆಯಾಯಿತು. ಗಿಡ್ಡ ಕಟ್ಟೆಯಾದರೂ ಅದು ತನ್ನ ಸುತ್ತಣ ಲೋಕವನ್ನು ಎಷ್ಟು ಬದಲಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆ ಕಾಲದಲ್ಲಿ ಅಣೆಯ ಬಳಿ ಸುಳಿಯುತ್ತಿದ್ದವರು ನೀರುಗಂಟಿ, ಅಂಬಿಗ, ಅಗಸ, ರೈತ. ಅವರು ನದಿಯ ಮುಖವನ್ನು ಓದಬಲ್ಲವರಾಗಿದ್ದರು. ಕೊಡಗಿನಲ್ಲಿ ಮಳೆಯಾದರೆ ನೀರು ಕೆಂಪಾಗುತ್ತಿತ್ತು, ಕಸಕಡ್ಡಿ ತೇಲಿ ಬರುತ್ತಿತ್ತು, ಮಟ್ಟ ಮೆಲ್ಲನೆ ಏರುತ್ತಿತ್ತು. 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, ಕನ್ನಂಬಾಡಿಯಲ್ಲಿ ದೊಡ್ಡ ಕಟ್ಟೆಯ ಕೆಲಸ ಮೊದಲಾಯಿತು. ಸುಮಾರು 130 ಅಡಿ ಎತ್ತರದ ಆ ಕಟ್ಟೆಯಿಂದ ನಾಡಿಗೆ ಆದ ಉಪಕಾರವನ್ನು ನಾನು ಹೇಳಬೇಕಾದುದಿಲ್ಲ. ಆದರೆ ಅದರ ಕೆಳಗಣ ನದಿಯ ಸ್ವಭಾವವೇ ಅಂದಿನಿಂದ ಬೇರೆಯಾಯಿತು. ಈಗ ಬಲಮುರಿಯಲ್ಲಿ ನೀರು ಏರುವುದು ತಲೆಯ ಮೇಲಿನ ಮೋಡವನ್ನು ಕೇಳಿ ಅಲ್ಲ, ಮೇಲಿನ ತೂಬನ್ನು ಕೇಳಿ. ಬಿಸಿಲು ಬಿದ್ದಿರುವ ಮಧ್ಯಾಹ್ನದಲ್ಲಿಯೂ ಅದು ಏರಬಲ್ಲುದು. ಹಳೆಯ ಲಕ್ಷಣಗಳು ಸುಳ್ಳಾದುವು. ಅದೇ ಹೊತ್ತಿಗೆ ಹಳೆಯ ಲಕ್ಷಣಗಳನ್ನೂ ಬಲ್ಲದ ನಾವು, ಪೇಟೆಯ ಜನ, ವಿಹಾರಕ್ಕೆ ಬಂದೆವು.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ನಾಲ್ವತ್ತು ಹುಡುಗರನ್ನು ಇಲ್ಲಿಗೆ ಕರೆತಂದಿದ್ದೆ. ಆಕಾಶ ನಿರ್ಮಲವಾಗಿತ್ತು; ಕಟ್ಟೆಯ ಮೇಲೆ ನೀರು ಹಿಮ್ಮಡಿ ಮುಳುಗುವಷ್ಟು ಮಾತ್ರ. ‘ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ’ ಎಂದು ಹೇಳಿ, ನನ್ನ ಕರ್ತವ್ಯ ಮುಗಿಯಿತೆಂದು ಮರದ ನೆರಳಿನಲ್ಲಿ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ, ಮೆಟ್ಟಿಲ ಮೇಲೆ ಹುಡುಗರು ಬಿಟ್ಟಿದ್ದ ಚಪ್ಪಲಿಗಳು ತೇಲತೊಡಗಿದುವು. ಅವನ್ನು ನೋಡಿಯೂ ಅದರ ಅರ್ಥ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಕಟ್ಟೆಯ ನೆತ್ತಿಯ ಮೇಲೆ ನಿಂತಿದ್ದ ಒಬ್ಬ ಹುಡುಗ ಪಾಚಿಯ ಮೇಲೆ ಜಾರಿ ಕೆಳಗಿನ ನೊರೆಯಲ್ಲಿ ಬಿದ್ದ. ಈಜು ಬಲ್ಲವನು, ತೇಲಿ ಕೆಳಗೆ ಹೋಗುವನೆಂದುಕೊಂಡೆವು. ಹೋಗಲಿಲ್ಲ. ಎದ್ದ, ಮುಳುಗಿದ, ಮತ್ತೆ ಅದೇ ಜಾಗದಲ್ಲಿಯೇ ಎದ್ದ. ಧುಮುಕಹೊರಟ ಅವನ ಗೆಳೆಯನನ್ನು ಒಬ್ಬ ಅಂಬಿಗ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. ತಾನೂ ಧುಮುಕಲಿಲ್ಲ. ಕೆಳಗಿನ ಬಂಡೆಯ ಮೇಲಿಂದ ಹಗ್ಗ ಬೀಸಿದ. ಎರಡನೆಯ ಬೀಸಿಗೆ ಹುಡುಗನ ಕೈಗೆ ಅದು ಸಿಕ್ಕಿತು. ಆ ಮೇಲೆ ಅಂಬಿಗ ನನಗೆ ಹೇಳಿದ ಮಾತು ಇಷ್ಟೆ: “ಮೇಷ್ಟ್ರೇ, ಈ ನೀರು ಮೇಲೆ ಆಡ್ತದೆ, ಕೆಳಗೆ ಹಿಡೀತದೆ.”

ಯಂತ್ರಶಿಲ್ಪಿಗಳು ಅನೇಕ ಪುಟಗಳಲ್ಲಿ ವಿವರಿಸುವುದನ್ನು ಆತ ಒಂದು ವಾಕ್ಯದಲ್ಲಿ ಹೇಳಿದ್ದ. ಕಟ್ಟೆಯಿಂದ ಇಳಿದ ನೀರು ವೇಗವಾಗಿ ತಳಕ್ಕೆ ನುಗ್ಗುತ್ತದೆ. ಸ್ವಲ್ಪ ಮುಂದೆ ಮೇಲೆದ್ದು, ಅದರಲ್ಲಿ ಒಂದು ಪಾಲು ಮತ್ತೆ ಕಟ್ಟೆಯ ಕಡೆಗೇ ಹಿಂದಿರುಗುತ್ತದೆ. ಹೀಗೆ ಬುಡದಲ್ಲಿ ಅಡ್ಡಲಾಗಿ ಮಲಗಿದ ಒಂದು ಉರುಳೆ ಸುತ್ತುತ್ತಿರುತ್ತದೆ. ಸಿಕ್ಕಿದವನನ್ನು ಅದು ಕಟ್ಟೆಯತ್ತ ಎಳೆದು, ಬೀಳುವ ನೀರಿನಡಿ ತಳಕ್ಕೆ ಒತ್ತಿ, ಮತ್ತೆ ಎತ್ತಿ, ಮತ್ತೆ ಎಳೆಯುತ್ತದೆ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದು ದೇಹವನ್ನು ತೇಲಿಸಲಾರದು. ಕೈಬಡಿತಕ್ಕೆ ಆಸರೆಯನ್ನೂ ಕೊಡದು. ಅಮೆರಿಕದವರು ಇಂತಹ ಗಿಡ್ಡ ಕಟ್ಟೆಗೆ ‘ಮುಳುಗಿಸುವ ಯಂತ್ರ’ವೆಂದೇ ಅಡ್ಡಹೆಸರಿಟ್ಟಿದ್ದಾರೆ. ನೀರು ತೀರ ಕಡಿಮೆಯಿದ್ದಾಗ ಈ ಉರುಳೆ ದುರ್ಬಲ. ಏರಿದಂತೆಲ್ಲ ಬಲಿಯುತ್ತದೆ, ಆದರೆ ಮೇಲಿನಿಂದ ನೋಡಿದವರಿಗೆ ಕಟ್ಟೆ ಇನ್ನೂ ಗಿಡ್ಡವಾಗಿಯೇ, ಇನ್ನೂ ಸೌಮ್ಯವಾಗಿಯೇ ಕಾಣುತ್ತದೆ.

ಒಂದು ಲೆಕ್ಕವನ್ನೂ ಗಮನಿಸಿರಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು. ಕನ್ನಂಬಾಡಿಯಿಂದ 10,000 ಕ್ಯೂಸೆಕ್ ಬಿಟ್ಟರೆಂದು ನಾವು ವಾರ್ತೆಯಲ್ಲಿ ಕೇಳಿ ಮರೆಯುತ್ತೇವೆ. ಪ್ರತಿ ಸೆಕೆಂಡಿಗೆ 280 ಟನ್ನಿಗೂ ಮೀರಿದ ನೀರು ಹರಿಯಿತೆಂಬುದು ಅದರ ತಾತ್ಪರ್ಯ. ನೀರಿನ ವೇಗ ಇಮ್ಮಡಿಸಿದರೆ ಅದು ಕಾಲನ್ನು ತಳ್ಳುವ ಬಲ ನಾಲ್ಮಡಿಯಾಗುತ್ತದೆ.

ಹಾಗಾದರೆ ಕಾಯಿದೆ ಏನು ಹೇಳುತ್ತದೆ? 2021ರಲ್ಲಿ ಕೇಂದ್ರದಲ್ಲಿ ಅಣೆಕಟ್ಟು ಸುರಕ್ಷತಾ ಕಾಯಿದೆ ಬಂದಿತು. ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಕಟ್ಟೆಗಳಿಗೆ, ಹಾಗೂ ಕೆಲವು ನಿಬಂಧನೆಗಳ ಮೇರೆಗೆ 10ರಿಂದ 15 ಮೀಟರಿನವಕ್ಕೆ. ಕಟ್ಟೆ ಒಡೆದು ಊರು ಮುಳುಗದಿರಲಿ ಎಂಬುದೇ ಅದರ ಮುಖ್ಯ ಚಿಂತೆ. ಅದು ಯುಕ್ತವೂ ಹೌದು. ನಮ್ಮ ಗಿಡ್ಡ ಅಣೆಗಳು ಈ ಅಳತೆಯೊಳಗೆ ಬರುವುದಿಲ್ಲ. ಅವು ಒಡೆಯುವುದರಿಂದ ಬರುವ ಅಪಾಯ ಕಡಿಮೆ. ಅಪಾಯವೆಲ್ಲ ಅವು ಗಟ್ಟಿಯಾಗಿ ನಿಂತಿರುವಾಗಲೇ. ಹೊರಹರಿವು ಹೆಚ್ಚಿದಾಗ ಬಲಮುರಿಗೆ ಪ್ರವೇಶವನ್ನು ನಿಷೇಧಿಸುವುದುಂಟು. ಮೀಸೆ ತಿರುವಿ ಆ ಹಗ್ಗದ ಅಡಿಯಲ್ಲಿ ನುಸುಳುವವರಿಗೆ ಯಾವ ಕಾಯಿದೆ ಏನು ಮಾಡೀತು?

ಆದ್ದರಿಂದ ವಾಚಕರೇ, ಹೋಗಬೇಡಿರೆಂದು ನಾನು ಹೇಳೆನು, ಅರಿತು ಹೋಗಿರಿ. ಹೊರಡುವ ಮುನ್ನ ಹೊರಹರಿವು ಎಷ್ಟೆಂದು ವಿಚಾರಿಸಿರಿ. ಕಟ್ಟೆಯ ನೆತ್ತಿಯ ಮೇಲೆ ನಡೆಯಬೇಡಿರಿ, ಬುಡದ ನೊರೆಗೆ ಇಳಿಯಬೇಡಿರಿ. ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿರಿ; ಅದು ಮುಳುಗತೊಡಗಿದರೆ ಕೂಡಲೆ ಮಕ್ಕಳನ್ನು ಮೇಲಕ್ಕೆ ಕರೆಯಿರಿ. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿರಿ. ಹಗ್ಗವನ್ನೋ, ಬಿದಿರನ್ನೋ, ಬೇರೇನೂ ಇಲ್ಲವಾದರೆ ಗಂಟು ಹಾಕಿದ ಸೀರೆಯನ್ನೋ ಎಸೆಯಿರಿ, 112ಕ್ಕೆ ಕರೆ ಮಾಡಿರಿ. ತಿಂದುಳಿದ ಎಲೆ, ಪ್ಲಾಸ್ಟಿಕ್ಕು, ಸೀಸೆಗಳನ್ನು ನೀರಿಗೆ ಬಿಡಬೇಡಿರಿ. ಒಡೆದ ಸೀಸೆ ಇನ್ನೊಬ್ಬರ ಮಗುವಿನ ಕಾಲಿಗೆ ಕಾದಿರುತ್ತದೆ, ಉಳಿದದ್ದು ನದಿಯ ಕೆಳಗಣ ರಂಗನತಿಟ್ಟಿನ ಹಕ್ಕಿಗಳ ಪಾಲಾಗುತ್ತದೆ.

ಆ ಹುಡುಗನಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ. ಕಂಡಾಗಲೆಲ್ಲ ನಮಸ್ಕರಿಸುತ್ತಾನೆ. ಆ ನಮಸ್ಕಾರ ಸಲ್ಲಬೇಕಾದುದು ನನಗಲ್ಲವೆಂದು ಇಬ್ಬರಿಗೂ ತಿಳಿದಿದೆ.